ಗಾಲಿ ಗುಂಡಗಾಗುವ ತನಕ

ಯಾರ ಮನೆಗೆ ಹೋದರೂ ಅಕ್ಕ ಮೊದಲು ಕೇಳುತ್ತಿದ್ದದ್ದು ನೀರನ್ನಲ್ಲ, ರಿಮೋಟನ್ನು. ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಪಡಸಾಲೆಯ ಟಿವಿಯ ಮೇಲೆ ಒಮ್ಮೆ ಕಣ್ಣು ಹಾಯಿಸುವರು. ಅದರಲ್ಲಿ ಯಾವುದಾದರೂ ಹಳೆಯ ಸಿನಿಮಾ ಓಡುತ್ತಿದ್ದು, ನಾಯಕಿ ಹಿಟ್ಟಿನ ಚೀಲದ ಹಾಗೆ ಅಗಲವಾಗಿ ಕಂಡಳೋ, ಮುಗಿಯಿತು. ಒಮ್ಮೆ ರೋಣದಲ್ಲಿ ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದು ನಿಂತಿದ್ದಾಳೆ, ಹಿರಿಯರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಅಕ್ಕ ಮಾತ್ರ ರಿಮೋಟಿನ ಗುಂಡಿಗಳನ್ನು ಒತ್ತುತ್ತ ಕೂತಿದ್ದಾರೆ. ಚಿತ್ರ ಸರಿಹೋದ ಮೇಲೆ ತಲೆಯೆತ್ತಿ ಹುಡುಗಿಯ ಹೆಸರೇನೆಂದು ಕೇಳಿದರು. ಸಂಬಂಧ ಕೂಡಿತು. ಆ ಮನೆಯವರು ಇವತ್ತಿಗೂ ‘ಅಂದಿನಿಂದ ನಮ್ಮ ಟಿವಿ ಚಲೋ ಆತು’ ಎಂದು ನೆನೆಯುತ್ತಾರೆ. ಅಳಿಯನ ವಿಷಯಕ್ಕೆ ಅವರು ಹೋಗುವುದಿಲ್ಲ.

ಹೋದ ತಿಂಗಳು ಗಜೇಂದ್ರಗಡದ ಅವರ ಅಂಗಡಿ ಮುಚ್ಚಿತು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು, ಇನ್ನು ದಿನವಿಡೀ ಪರದೆ ನೋಡುತ್ತ ಕೂರುವುದು ಬೇಡವೆಂದು ಡಾಕ್ಟರು ಹೇಳಿದ್ದರು. ಸಾಕುಮಾಡಿದೆ ಎಂದು ಫೋನಿನಲ್ಲಿ ನನಗೆ ತಿಳಿಸಿದರು, ಬಸ್ಸು ತಪ್ಪಿತು ಎಂದು ಹೇಳುವಷ್ಟೇ ಸಲೀಸಾಗಿ. ಈಗ ನರಗುಂದದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಾನು ರೋಣದವನು, ಮದುವೆಗಳಲ್ಲಿ ವಿಡಿಯೊ ಕ್ಯಾಮೆರಾ ಹಿಡಿಯುವವನು. ನಾನು ತೆಗೆದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ನೋಡುವಂತೆ ಮಾಡುತ್ತಿದ್ದವರು ಅವರು. ನಮ್ಮ ಕಡೆ ಈ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಹೆಸರು ಹಾಕಿ ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಕ್ಯಾಮೆರಾದವರಿಗೆ ಅವರು ಅಕ್ಕ, ಇಲ್ಲಿಯೂ ಹಾಗೇ ಇರಲಿ.

ಅವರು ಈ ಕಸುಬಿಗೆ ಬಂದದ್ದು ಹೊಲಿಗೆ ಮಷಿನ್ನಿನಿಂದ. ಅಣ್ಣನ ಫೋಟೊ ಸ್ಟುಡಿಯೊದ ಒಂದು ಮೂಲೆಯಲ್ಲಿ ಕುಬಸ ಹೊಲಿಯುತ್ತ ಕೂತಿದ್ದವರು, ಅಣ್ಣ ಕಂಪ್ಯೂಟರಿನ ಜೊತೆ ಗುದ್ದಾಡುವುದನ್ನು ನೋಡಿ ನೋಡಿ ಕಲಿತರು. ಆಮೇಲೆ ಅಣ್ಣ ಸಿಮೆಂಟಿನ ವ್ಯಾಪಾರಕ್ಕೆ ಹೋದ, ಕಂಪ್ಯೂಟರು ಇವರ ಪಾಲಿಗೆ ಬಂತು. ಮಷಿನ್ನು ಮಾರಿದರೂ ಅಳತೆಯ ಟೇಪು ಮಾತ್ರ ಕೊನೆಯವರೆಗೂ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಚಿತ್ರದ ಬಗ್ಗೆ ಅನುಮಾನ ಬಂದರೆ ಟೇಪನ್ನು ಪರದೆಗೇ ಹಿಡಿದು ಅಳೆಯುತ್ತಿದ್ದರು. ಸಾಫ್ಟ್‌ವೇರಿನಲ್ಲೇ ಅಳತೆ ಇರುತ್ತದೆಯಲ್ಲ ಎಂದರೆ, ಅದು ಪುಸ್ತಕದ ಅಳತೆ, ಇದು ಮೈಯ ಅಳತೆ ಎನ್ನುತ್ತಿದ್ದರು. ದರ್ಜಿಯ ಬುದ್ಧಿ ಅವರದು. "ಬಟ್ಟೀನ್ನ ಮೈಗೆ ಹೊಲೀಬೇಕು ತಮ್ಮಾ, ಮೈನ್ನ ಬಟ್ಟಿಗೆ ಹೊಲೀಬಾರ್ದು" ಎಂಬುದು ನನಗೆ ಅವರು ಹೇಳಿದ ಮೊದಲ ಪಾಠ. ಅವರ ವೇದವೂ ಅದೇ, ಉಪನಿಷತ್ತೂ ಅದೇ.

ಅದರ ಅರ್ಥ ಇಷ್ಟು. ಹಳೆಯ ಟಿವಿಗಳು ಹೆಚ್ಚುಕಡಿಮೆ ಚೌಕವಾಗಿದ್ದವು. ಅಗಲ ನಾಲ್ಕು ಪಾಲಿದ್ದರೆ ಎತ್ತರ ಮೂರು ಪಾಲು. ಆ ಕಾಲದ ಮದುವೆಯ ಕ್ಯಾಸೆಟ್ಟುಗಳೂ ಅದೇ ಆಕಾರದವು. ಆಮೇಲೆ ಗೋಡೆಗೆ ನೇತುಹಾಕುವ ಅಗಲದ ಟಿವಿಗಳು ಬಂದವು. ಚೌಕದ ಚಿತ್ರವನ್ನು ಅಗಲದ ಟಿವಿಯಲ್ಲಿ ಹಾಕಿದರೆ ಎರಡೂ ಮಗ್ಗುಲಲ್ಲಿ ಜಾಗ ಖಾಲಿ ಉಳಿಯುತ್ತದೆ, ಕರಿ ಪಟ್ಟಿ ಕಾಣುತ್ತದೆ. ಪಟ್ಟಿ ಬೇಡವೆಂದರೆ ದಾರಿ ಎರಡೇ. ಚಿತ್ರವನ್ನು ಅಡ್ಡಡ್ಡ ಜಗ್ಗಬೇಕು, ಆಗ ಮನೆಮಂದಿಗೆಲ್ಲ ಬಾವು ಬಂದಂತೆ ಕಾಣುತ್ತದೆ. ಇಲ್ಲವೇ ಮೇಲೆ ಕೆಳಗೆ ಕತ್ತರಿಸಬೇಕು. ಯಾವಗಲ್ ಊರಿನ ಒಂದು ಮದುವೆಯ ಹಳೆಯ ಕ್ಯಾಸೆಟ್ಟನ್ನು ಯಾರೋ ಹಾಗೆ ಕತ್ತರಿಸಿ ಕೊಟ್ಟಿದ್ದರು. ಮೇಲಿನ ಕತ್ತರಿಗೆ ಹಿರಿಯರ ರುಮಾಲುಗಳೆಲ್ಲ ಹಾರಿಹೋಗಿದ್ದವು, ಕೆಳಗಿನ ಕತ್ತರಿಗೆ ಕಾಲುಂಗುರ ತೊಡಿಸುವ ಶಾಸ್ತ್ರವೇ ಮಾಯ. ಮದುಮಗಳ ಸೋದರತ್ತೆ ಬಗ್ಗಿ ಏನೋ ಮಾಡುತ್ತಿದ್ದಾಳೆ, ಏನೆಂಬುದು ದೇವರಿಗೇ ಗೊತ್ತು. ಅದನ್ನು ನೋಡಿ ಅಕ್ಕ ಮೂರು ದಿನ ಮೂಗು ಮುರಿದರು.

ಗಿರಾಕಿಗಳ ಜೊತೆ ಅವರ ಜಗಳವೆಲ್ಲ ಆ ಕರಿ ಪಟ್ಟಿಯದೇ. ಗಜೇಂದ್ರಗಡದ ಪೇಟೆಯ ಕಿರಾಣಿ ಸಾವಕಾರರೊಬ್ಬರು ತಮ್ಮ ಮದುವೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದವರು ಮರುದಿನವೇ ವಾಪಸು ಬಂದರು. ಇಷ್ಟು ದೊಡ್ಡ ಟಿವಿ ತಂದಿದ್ದೇನೆ, ನೀವು ಎರಡೂ ಬಾಜೂ ಖಾಲಿ ಬಿಟ್ಟಿದ್ದೀರಿ, ತುಂಬಿಸಿ ಕೊಡಿ ಎಂದು ಅವರ ತಕರಾರು. ಅಕ್ಕ ಕುರ್ಚಿಯಿಂದ ಏಳಲೂ ಇಲ್ಲ. "ಮನಿ ದೊಡ್ಡದು ಕಟ್ಟಿಸೀರಿ ಅಂತ ಮನಿಯಾಗಿನ ಮಂದೀನ್ನ ಹಿಡಿದು ಜಗ್ಗತೀರೇನ್ರಿ ಸಾವಕಾರ?" ಎಂದರು. ಸಾವಕಾರರಿಗೆ ನಗುವೂ ಬಂತು, ಸಿಟ್ಟೂ ಬಂತು. ಕೊನೆಗೆ ಜೊತೆಗೆ ಬಂದಿದ್ದ ಅವರ ಹೆಂಡತಿ ಮೆಲ್ಲಗೆ ಒಂದು ಮಾತು ಹೇಳಿದರು: ಶುಭಕಾರ್ಯದ ಎರಡೂ ಕಡೆ ಕರಿ ಬಣ್ಣ ನಿಂತಿದ್ದು ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಈ ಮಾತಿಗೆ ಅಕ್ಕ ತಲೆದೂಗಿದರು. ಮೊಂಡುತನ ಅವರಿಗೆ ಹುಟ್ಟುಗುಣ ನಿಜ, ಆದರೆ ಮಾತಿನಲ್ಲಿ ಹುರುಳಿದ್ದರೆ ಆ ಕ್ಷಣವೇ ಒಪ್ಪುವವರು. ಅವರ ಅಂಗಡಿಯ ಹಿಂದಿನ ಓಣಿಯಲ್ಲಿ ನೇಕಾರರ ಮನೆಗಳಿದ್ದವು, ಮಗ್ಗದ ಸದ್ದು ದಿನವೂ ಕೇಳುತ್ತಿತ್ತು. ಎದ್ದು ಹೋಗಿ ಒಂದು ಪಟ್ಟೇದಂಚಿನ ಸೀರೆ ತಂದರು, ಅದರ ಅಂಚಿನ ಫೋಟೊ ತೆಗೆಸಿದರು, ಕರಿ ಪಟ್ಟಿ ಇದ್ದಲ್ಲಿ ಎರಡೂ ಕಡೆ ಆ ಅಂಚನ್ನು ಉದ್ದಕ್ಕೆ ಇಳಿಬಿಟ್ಟರು. ಮದುವೆ ನಡುವೆ, ಸೀರೆಯ ಅಂಚು ಆಚೀಚೆ. ಮದುಮಗ ಮದುಮಗಳು ಹೇಗಿದ್ದರೋ ಹಾಗೆ, ಟಿವಿಯೂ ತುಂಬಿತು. ಸಾವಕಾರರ ಹೆಂಡತಿ ಅದನ್ನು ನೋಡಿ ಇದು ನನ್ನ ಧಾರೆ ಸೀರೆಯ ಅಂಚೇ ಇದ್ದ ಹಾಗಿದೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದಿನಿಂದ ನಮ್ಮ ಮೂರೂ ತಾಲೂಕಿನಲ್ಲಿ ಹಳೆಯ ಮದುವೆ ಎಂದರೆ ಸೀರೆ ಅಂಚಿನ ವಿಡಿಯೊ ಎಂದೇ ಆಯಿತು. ಬೇರೆ ಅಂಗಡಿಯವರೂ ಕದ್ದು ಮಾಡಿದರು. ಕದಿಯಲಿ, ಜಗ್ಗುವುದಾದರೂ ನಿಲ್ಲುತ್ತದೆ ಎಂದು ಅಕ್ಕ ಬಿಟ್ಟುಬಿಟ್ಟರು.

ಈಚೆಗೆ ಮೊಬೈಲಿನ ಕಾಟ ಶುರುವಾಗಿತ್ತು. ಅಗಲದ ಟಿವಿ ಇಷ್ಟು ಜನಪ್ರಿಯವಾದ ಮೇಲೆ ಜನ ಉದ್ದುದ್ದ ವಿಡಿಯೊ ತೆಗೆಯತೊಡಗಿದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ? ನರಗುಂದದ ಒಂದು ನಿಶ್ಚಯದ ದಿನ ನಾನು ಜ್ವರ ಬಂದು ಮಲಗಿದ್ದೆ, ಗೆಳತಿಯರು ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದೇ ಗತಿಯಾಗಿತ್ತು. ಅಕ್ಕ ಒಂದು ತಾಸು ಬೈದರು, ಆಮೇಲೆ ಮೂವರು ತೆಗೆದ ಮೂರು ತುಣುಕುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರು. ಒಂದರಲ್ಲಿ ಹುಡುಗಿ ಉಂಗುರ ಹಾಕುತ್ತಾಳೆ, ಇನ್ನೊಂದರಲ್ಲಿ ಅವಳ ಅಪ್ಪ ನೋಡುತ್ತಾನೆ, ಮತ್ತೊಂದರಲ್ಲಿ ಅಜ್ಜಿ ಪಕ್ಕದವಳ ಕಿವಿಯಲ್ಲಿ ಏನೋ ಊದುತ್ತಾಳೆ. ಮೂರು ಕಿಟಕಿಯಿಂದ ಒಂದೇ ಮನೆಯನ್ನು ನೋಡಿದ ಹಾಗಿತ್ತು. ನಾನು ಹೋಗಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಹಾಗೆಂದು ಅವರೇ ನನ್ನೆದುರಿಗೆ ಹೇಳಿದರು.

ಯಾವ ಚಿತ್ರ ಜಗ್ಗಿದ್ದು, ಯಾವುದು ಸರಿ ಎಂದು ಪತ್ತೆಹಚ್ಚಲು ಅವರದೊಂದು ಪದ್ಧತಿ ಇತ್ತು. ಮೊದಲು ಮನುಷ್ಯರನ್ನು ನೋಡುತ್ತಿರಲಿಲ್ಲ. ಮನುಷ್ಯರಲ್ಲಿ ದಪ್ಪನೆಯವರೂ ಇರುತ್ತಾರೆ, ತೆಳ್ಳನೆಯವರೂ ಇರುತ್ತಾರೆ, ಅವರನ್ನು ನಂಬುವ ಹಾಗಿಲ್ಲ. ಚೌಕಟ್ಟಿನೊಳಗೆ ಗುಂಡಗಿನದು ಏನಿದೆ ಎಂದು ಹುಡುಕುತ್ತಿದ್ದರು. ಆರತಿ ತಾಟು ಆಗುವುದಿಲ್ಲ, ಅದನ್ನು ಓರೆಯಾಗಿ ಹಿಡಿದಿರುತ್ತಾರೆ, ಸುಳ್ಳು ಹೇಳುತ್ತದೆ. ಗೋಡೆಯ ಗಡಿಯಾರ ಎದುರಿಗಿದ್ದರೆ ನಡೆಯುತ್ತದೆ. ಎಲ್ಲಕ್ಕಿಂತ ಅವರಿಗೆ ಮೆಚ್ಚು ಗಾಲಿ, ನೇರ ಬದಿಯಿಂದ ಕಂಡ ಗಾಲಿ. ನಮ್ಮ ಕಡೆಯ ಮದುವೆಗಳಲ್ಲಿ ಅದಕ್ಕೇನು ಬರವಿಲ್ಲ. ಗಾಲಿಯ ಮೇಲೆ ಟೇಪು ಅಡ್ಡ ಹಿಡಿಯುವುದು, ಉದ್ದ ಹಿಡಿಯುವುದು, ಎರಡೂ ಸಮ ಬರುವ ತನಕ ಅಗಲವನ್ನು ಇಳಿಸುತ್ತ ಹೋಗುವುದು. ಗಾಲಿ ಗುಂಡಗಾಯಿತೆಂದರೆ ಅದರ ಜೊತೆಗಿದ್ದ ಮಂದಿಯೆಲ್ಲ ತಾವಾಗಿಯೇ ಸರಿಹೋಗುತ್ತಾರೆ.

ಎರಡು ವರ್ಷದ ಹಿಂದೆ ಶಿರೋಳದ ಒಬ್ಬ ಹುಡುಗಿಯ ಮದುವೆಯ ಕೆಲಸ ನನಗೆ ಬಂದಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಕೈಯಲ್ಲಿ, ಅಂದರೆ ತಂದೆಯ ತಾಯಿಯ ಕೈಯಲ್ಲಿ ಬೆಳೆದವಳು. ಈಗ ಮದುವೆ ವೇದಿಕೆಯ ಹಿಂದೆ ಗೋಡೆಯಗಲದ ಎಲ್‌ಇಡಿ ಪರದೆ ನಿಲ್ಲಿಸುತ್ತಾರಲ್ಲ, ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿಗೆ ಅದರ ಮೇಲೆ ತನ್ನ ಅವ್ವ ಕಾಣಬೇಕು ಎಂಬುದು ಅವಳ ಆಸೆ. ಅವ್ವ ಸರಿಯಾಗಿ ಕಾಣುವ ಫೋಟೊ ಇರಲಿಲ್ಲ. ಅವ್ವನ ಲಗ್ನ ಸಾಮೂಹಿಕ ಲಗ್ನದಲ್ಲಿ ಆಗಿತ್ತು, ಇದ್ದ ಒಂದು ಗುಂಪಿನ ಫೋಟೊದಲ್ಲಿ ಸೆರಗು ಮುಖದ ಮೇಲೆ ಬಿದ್ದಿತ್ತು. ಉಳಿದದ್ದು ಸೋದರತ್ತೆಯ ಮದುವೆಯ ಕ್ಯಾಸೆಟ್ಟು ಮಾತ್ರ. ಅದನ್ನು ಅಗಲದ ಟಿವಿ ಬಂದ ಹೊಸದರಲ್ಲಿ ಯಾವುದೋ ಊರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿದ್ದರು, ಕ್ಯಾಸೆಟ್ಟು ಬೂಸು ಹಿಡಿದು ಹೋಗಿತ್ತು. ಅದೇ ವಿಡಿಯೊದಿಂದ ಅವ್ವನ ಮುಖವನ್ನು ತೆಗೆಸಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿ ಪೂಜೆ ಮಾಡುತ್ತಿದ್ದರು.

ಹುಡುಗಿಯನ್ನು ಕರೆದುಕೊಂಡು ಅಕ್ಕನ ಅಂಗಡಿಗೆ ಹೋದೆ. ವಿಡಿಯೊ ತೆರೆದ ಕೂಡಲೇ ಅಕ್ಕ ಟೇಪಿಗೆ ಕೈ ಹಾಕಿದರು. ನಿಮ್ಮ ಅವ್ವ ಇಷ್ಟು ದಪ್ಪ ಇದ್ದಳೇನು ಎಂದು ಕೇಳಿದರು.

"ಹೌದ್ರಿ ಅಕ್ಕಾರ, ಎಲ್ಲಾರೂ ಹಂಗ ಅಂತಾರ" ಎಂದಳು ಹುಡುಗಿ. "ನಾನ ಮನ್ಯಾಗ ಯಾರ ಹಂಗೂ ಇಲ್ಲ."

ಮದುಮಗನ ದಿಬ್ಬಣದ ಟ್ರ್ಯಾಕ್ಟರು ಮನೆಯ ಮುಂದೆ ಅಡ್ಡ ಹಾದುಹೋಗುವ ಜಾಗ ಬಂದಾಗ ಅಕ್ಕ ನಿಲ್ಲಿಸಿದರು. ಹಿಂದಿನ ದೊಡ್ಡ ಗಾಲಿ ಮಲಗಿಸಿದ ಮೊಟ್ಟೆಯ ಹಾಗಿತ್ತು. ಟೇಪು ಹಿಡಿದು ಅಗಲವನ್ನು ಇಳಿಸತೊಡಗಿದರು, ನಾಲ್ಕು ಪಾಲಿನಲ್ಲಿ ಒಂದು ಪಾಲು ಇಳಿದಾಗ ಗಾಲಿ ಗುಂಡಗಾಯಿತು. ಆಮೇಲೆ ವಿಡಿಯೊವನ್ನು ಮುಂದಕ್ಕೆ ಬಿಟ್ಟರು. ಆರತಿ ಹಿಡಿದ ಹೆಂಗಸರ ನಡುವೆ ಕಂಬಕ್ಕೆ ಆತು ನಿಂತವಳು, ನನ್ನ ಪಕ್ಕದಲ್ಲಿದ್ದ ಹುಡುಗಿಯೇ. ಅದೇ ನೀಳ ಮುಖ, ಅದೇ ಗದ್ದ. ಹುಡುಗಿ ಪರದೆಯ ಹತ್ತಿರ ಹೋಗಿ, ಇದು ನಾನೇ ಅಲ್ಲವೇನ್ರಿ ಎಂದು ನಗತೊಡಗಿದಳು. ಯಾರ ಹಾಗೂ ಇಲ್ಲದೆ ಬೆಳೆದವಳಿಗೆ ತನ್ನ ಮುಖ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ನನಗೂ ಬಹಳ ಸಂತೋಷವಾಯಿತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನೋಡುತ್ತ ನೋಡುತ್ತ ಅವಳಿಗೆ ಉಳಿದದ್ದೂ ಕಂಡಿತು. ಅವ್ವನ ಕುತ್ತಿಗೆಯ ಎಲುಬು ಎದ್ದಿತ್ತು, ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು, ಆರತಿ ಮುಗಿಯುವ ಮೊದಲೇ ಅವಳು ಕೆಳಗೆ ಕೂತುಬಿಟ್ಟಿದ್ದಳು. ಆ ಮದುವೆಯಾದ ಕೆಲವೇ ತಿಂಗಳಿಗೆ ಅವಳು ತೀರಿಕೊಂಡದ್ದು. ಇದನ್ನು ಮನೆಯಲ್ಲಿ ತೋರಿಸುವ ಹಾಗಿಲ್ಲ ಅಕ್ಕಾರ ಎಂದು ಹುಡುಗಿ ಕುರ್ಚಿಯಲ್ಲಿ ಕುಸಿದಳು, ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಅವಳ ಸೋದರಮಾವ ಲಕ್ಕಲಕಟ್ಟಿಯಲ್ಲಿದ್ದ. ತನ್ನ ಅಕ್ಕ, ಅಂದರೆ ಹುಡುಗಿಯ ಅವ್ವ, ಬೇನೆಬಿದ್ದು ಸವೆಯುತ್ತಿದ್ದರೂ ಗಂಡನ ಮನೆಯವರು ದವಾಖಾನೆಗೆ ಒಯ್ಯಲಿಲ್ಲ ಎಂಬುದು ಅವನ ಸಿಟ್ಟು. ಅಜ್ಜಿ ಅದಕ್ಕೆ ಕೊಡುತ್ತಿದ್ದ ಉತ್ತರ ಗೋಡೆಯ ಮೇಲಿನ ಫೋಟೊ. ತುಂಬಿದ ಗಲ್ಲದ ಈ ಮುಖ ನೋಡಿರಿ, ಇದು ಸವೆದವಳ ಮುಖವೇ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಮಾವ ಒಮ್ಮೆ ಬಂದವನು ಫೋಟೊ ನೋಡಿ, ಇದು ನಮ್ಮಕ್ಕ ಅಲ್ಲ, ಇದು ಇಲ್ಲಿ ಇರುವ ತನಕ ನಾನು ಹೊಸ್ತಿಲು ತುಳಿಯುವುದಿಲ್ಲ ಎಂದು ಹೋದವನು ತಿರುಗಿ ಬಂದಿರಲಿಲ್ಲ. ಈಗ ಮದುವೆ ಬಂದಿದೆ. ನಮ್ಮಲ್ಲಿ ಮದುಮಗಳಿಗೆ ಬಾಸಿಂಗ ತರುವವನು ಸೋದರಮಾವ. ಅವನಿಲ್ಲದಿದ್ದರೆ ದೂರದ ಸಂಬಂಧಿಕರು ಯಾರೋ ತಂದಾರು, ಮದುವೆ ನಿಲ್ಲುವುದಿಲ್ಲ. ಆದರೆ ಅವ್ವನ ಕಡೆಯಿಂದ ತನಗೆ ಇರುವವನು ಅವನೊಬ್ಬನೇ, ಅವನು ಬರಬೇಕು ಎಂದು ಹುಡುಗಿ ಅತ್ತಳು. ಅಜ್ಜಿಯನ್ನು ನೋಯಿಸಲೂ ಅವಳಿಗೆ ಮನಸ್ಸಿಲ್ಲ, ಸಾಕಿದವಳು ಅವಳೇ.

ನಾನು ವ್ಯವಹಾರಸ್ಥ. ಮದುವೆ ಮನೆಯ ಜಗಳಗಳಲ್ಲಿ ಅರ್ಧ ಆಯುಷ್ಯ ಕಳೆದವನು. ಎರಡಕ್ಕೂ ನಡುವೆ ಎಲ್ಲಾದರೂ ನಿಲ್ಲಿಸಿಬಿಡಿ, ಅಜ್ಜಿಗೆ ತೀರಾ ತೆಳ್ಳಗೆ ಕಾಣಬಾರದು, ಮಾವನಿಗೆ ತೀರಾ ದಪ್ಪ ಕಾಣಬಾರದು ಎಂದೆ. ಅಕ್ಕ ನನ್ನ ಕಡೆ ತಿರುಗಿದರು.

"ಗಾಲಿ ಅರ್ಧಾ ಗುಂಡಗ ಇರತೈತೇನು ತಮ್ಮಾ?"

ಅಂಗಡಿ ಬಿಟ್ಟು ಎಂದೂ ಗಿರಾಕಿಯ ಮನೆಗೆ ಕೆಲಸ ಮುಟ್ಟಿಸಲು ಹೋಗದ ಅಕ್ಕ ಹುಡುಗಿಗೆ, ನೀನು ಏನೂ ಹೇಳಬೇಡ, ನಾನೇ ಬರುತ್ತೇನೆ ಎಂದರು. ಮಾರನೆಯ ದಿನ ಮುಂಜಾನೆಯ ಬಸ್ಸಿಗೆ ಹೊರಟೇಬಿಟ್ಟರು. ನಾನು ಒಲ್ಲದ ಮನಸ್ಸಿನಿಂದ ಹಿಂದೆ ಹೋದೆ. ಜಗಳವಾದರೆ ನನ್ನ ಕೆಲಸ ತಪ್ಪೀತು ಎಂಬ ಅಂಜಿಕೆ ಇತ್ತು, ಸುಳ್ಳೇಕೆ ಹೇಳಲಿ.

ಶಿರೋಳದ ಆ ಪಡಸಾಲೆಯಲ್ಲಿ ಅಜ್ಜಿ ಹೊರಸಿನ ಮೇಲೆ ಕೂತಿದ್ದಳು, ಹಿಂದೆ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೊ. ಅವಳ ಮಗ, ಹುಡುಗಿಯ ಅಪ್ಪ, ಹೊಲಕ್ಕೆ ಹೋಗಿದ್ದ. ಅಕ್ಕ ನಮಸ್ಕಾರ ಮಾಡಿ, ಹಳೆಯ ವಿಡಿಯೊ ರಿಪೇರಿ ಮಾಡಿದ್ದೇನೆ, ನೀವೇ ನೋಡಿ ಹೌದೋ ಅಲ್ಲವೋ ಹೇಳಬೇಕು ಎಂದರು. ಮೊದಲು ತೋರಿಸಿದ್ದು ಮನೆಯಲ್ಲಿದ್ದ ಜಗ್ಗಿದ ವಿಡಿಯೊ. ಟ್ರ್ಯಾಕ್ಟರು ಬಂದಾಗ ನಿಲ್ಲಿಸಿ, ಈ ಗಾಲಿ ಹೀಗಿತ್ತೇ ಎಂದು ಕೇಳಿದರು. ಅಜ್ಜಿ ಬೊಚ್ಚುಬಾಯಲ್ಲಿ ನಕ್ಕು, ಹೀಗಿದ್ದರೆ ಅದು ಉರುಳುತ್ತಿತ್ತೇನವ್ವ ಎಂದಳು. ಆಮೇಲೆ ಸರಿಮಾಡಿದ್ದು ಹಾಕಿದರು. ಗುಂಡನೆಯ ಗಾಲಿ ನೋಡಿ, ಈಗ ಬರೋಬರಿ ಆಯಿತು ಎಂದಳು. ಅಕ್ಕ ವಿಡಿಯೊ ನಿಲ್ಲಿಸಲಿಲ್ಲ, ಅದು ಮುಂದೆ ಹೋಯಿತು. ಟ್ರ್ಯಾಕ್ಟರು ದಾಟಿತು, ಆರತಿಯವರು ಬಂದರು, ಕಂಬಕ್ಕೆ ಆತು ನಿಂತ ಸೊಸೆ ಬಂದಳು.

ಅಜ್ಜಿಯ ನಗು ನಿಂತಿತು. ಇನ್ನೊಮ್ಮೆ ಹಾಕೆಂದಳು. ಹಾಕಿದರು. ಗಾಲಿಯನ್ನು ಒಪ್ಪಿದವಳು ಮುಖವನ್ನು ಅಲ್ಲ ಎನ್ನುವ ಹಾಗಿರಲಿಲ್ಲ. ಅವಳು ಅಲ್ಲ ಎನ್ನಲೂ ಇಲ್ಲ.

"ಹಿಂಗ ಇದ್ಳು" ಎಂದಳು. "ಸುಗ್ಗಿ ಮುಗೀಲಿ, ಆಮ್ಯಾಲ ದವಾಖಾನಿಗೆ ಹೋಗೂಣು ಅಂತ ಅಂದಿದ್ದೆ. ನಾನ ಅಂದಿದ್ದೆ. ಅಕಿ ಹೂಂ ಅಂದ್ಳು."

ನಾನು ಬಾಗಿಲ ಕಡೆ ನೋಡಿದೆ. ಅಕ್ಕ ಸಮಾಧಾನದ ಮಾತು ಆಡಲಿಲ್ಲ, ತಪ್ಪು ನಿಮ್ಮದಲ್ಲ ಎಂದೂ ಹೇಳಲಿಲ್ಲ. ಹೊರಸಿನ ಹತ್ತಿರ ಹೋಗಿ ಮುದುಕಿಯ ಮಗ್ಗುಲಲ್ಲಿ ಕೂತರು. ಅಜ್ಜಿ ಮೊಮ್ಮಗಳನ್ನು ಕರೆದು, ಫೋಟೊ ಇಳಿಸು ಎಂದಳು. ಇಳಿಸಿದ ಫೋಟೊವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾಲೆಯನ್ನು ತೆಗೆದಳು. ಆಮೇಲೆ ಲಕ್ಕಲಕಟ್ಟಿಗೆ ಫೋನು ಹಚ್ಚಿ ಕೊಡು ಎಂದಳು. ಹುಡುಗಿ ಹಚ್ಚಿ, ಅಜ್ಜಿಗೆ ಕಿವಿ ಮಂದವೆಂದು ಸ್ಪೀಕರಿಗೆ ಹಾಕಿ ಕೈಗೆ ಕೊಟ್ಟಳು.

"ನಾ ಶಿರೋಳದ ಮುದುಕಿ ಮಾತಾಡತೇನಿ" ಎಂದಳು ಅಜ್ಜಿ. "ಫೋಟೊ ಇಳಿಸೇನಪ್ಪಾ. ನಿಮ್ಮಕ್ಕ ಸವದಿದ್ಳು. ನೀ ಹೇಳಿದ್ದು ಖರೇ ಐತಿ."

ಮಾವ ಹೊಲದಲ್ಲಿದ್ದನೆಂದು ತೋರುತ್ತದೆ, ಗಾಳಿಯ ಸದ್ದು ಕೇಳುತ್ತಿತ್ತು. ಅದರ ನಡುವೆ ಅವನ ದನಿ ಬಂತು.

"ಬಾಸಿಂಗ ತರಾಕ ಬ್ಯಾರೆ ಯಾರಿಗೂ ಹೇಳಬ್ಯಾಡ್ರಿ ಯವ್ವಾ. ನಾ ತರ್ತೇನಿ."